ತಲೆ ಒಬ್ಬರಿಗೆ, ಕಾಲು ನಮಗೆ

ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನನ್ನು ಮೇಜು ಮಾಡಿಕೊಳ್ಳುವುದು ಈಚಿನ ಫ್ಯಾಷನ್ನು ಎಂದು ನಂಬಿರುವವರು ಬೆಂಗಳೂರಿನ ಬಿನ್ನಿಪೇಟೆಯ ಹಳೇ ಮನೆಗಳ ಫೋಟೋ ಆಲ್ಬಮ್ಮನ್ನು ಒಮ್ಮೆ ನೋಡಬೇಕು. ಅಲ್ಲಿ ಅದು ಮಿಷನ್ ಆಗಿರುತ್ತಿದ್ದದ್ದು ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲಿನಿಂದ ಮಕ್ಕಳು ಸ್ಕೂಲಿನಿಂದ ಬರುವ ತನಕ ಮಾತ್ರ. ಮಿಕ್ಕ ಹೊತ್ತೆಲ್ಲ ಅದು ಮೇಜೇ. ತಲೆಯನ್ನು ಹಿಂದಕ್ಕೆ ಮಡಚಿ ಹೊಟ್ಟೆಯೊಳಗೆ ಇಳಿಸಿ, ಹಲಗೆ ಮುಚ್ಚಿ, ಮೇಲೊಂದು ಕ್ರೋಶಾ ಬಟ್ಟೆ ಹಾಸಿದರೆ ಮುಗಿಯಿತು. ಅದರ ಮೇಲೆ ರೇಡಿಯೋ ಕೂತಿತು. ರೇಡಿಯೋ ಇಳಿದ ಮೇಲೆ ಕಪ್ಪು-ಬಿಳುಪು ಟೀವಿ ಕೂತಿತು. ಭಾದ್ರಪದದಲ್ಲಿ ಟೀವಿಯನ್ನು ಮಂಚದ ಮೇಲೆ ಎತ್ತಿಟ್ಟು, ಸ್ಟ್ಯಾಂಡಿನ ಕಬ್ಬಿಣ ಕಾಣದಂತೆ ರೇಷ್ಮೆ ಸೀರೆ ಸುತ್ತಿ, ಗೌರಿ-ಗಣೇಶರನ್ನು ಕೂರಿಸಿದರು. ಹೆಣ್ಣು ನೋಡಲು ಬಂದವರ ಉಪ್ಪಿಟ್ಟು-ಕೇಸರಿಭಾತಿನ ತಟ್ಟೆಗಳೂ ಅದರ ಮೇಲೇ ಬಂದವು. ಹುಡುಗಿ ಹೊಲಿಗೆ ಬಲ್ಲಳು ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ತಟ್ಟೆಯ ಕೆಳಗೇ ಸಾಕ್ಷಿ ಇರುತ್ತಿತ್ತಲ್ಲ!

ನನ್ನ ಇಂಗ್ಲಿಷ್ ಕಾಗುಣಿತ, ಮಗ್ಗಿ, ಎಸ್ಸೆಸ್ಸೆಲ್ಸಿ ಎಲ್ಲವೂ ಇಂಥ ಮೇಜಿನ ಮೇಲೆಯೇ ನಡೆದದ್ದು. ಓದುವಾಗ ಕಾಲು ಪೆಡಲಿನ ಮೇಲಿರುತ್ತಿತ್ತು. ಓದು ಎಷ್ಟು ಬೇಸರ ತರಿಸುತ್ತಿತ್ತೋ ಚಕ್ರ ಅಷ್ಟು ಜೋರಾಗಿ ತಿರುಗುತ್ತಿತ್ತು. ಅಡುಗೆಮನೆಯಿಂದಲೇ ಅಮ್ಮನಿಗೆ ಸದ್ದು ಕೇಳಿಸಿ, "ಲೋ, ಪುಸ್ತಕ ಓದ್ತಿದ್ದೀಯೋ, ಗಾಡಿ ಓಡಿಸ್ತಿದ್ದೀಯೋ?" ಎಂಬ ಕೂಗು ಬರುತ್ತಿತ್ತು. ಸಮಾಜಶಾಸ್ತ್ರದ ಪಾಠದಲ್ಲಿ ನಾನು ತುಳಿದ ದೂರ ಲೆಕ್ಕ ಹಾಕಿದ್ದರೆ ಮಾಗಡಿ ದಾಟಿ ಕುಣಿಗಲ್ ತಲುಪಿರುತ್ತಿದ್ದೆ.

ಬಿನ್ನಿಪೇಟೆಗೂ ಹೊಲಿಗೆ ಮಿಷನ್ನಿಗೂ ಇಷ್ಟು ಸಲಿಗೆ ಬರಲು ಕಾರಣ ಮಿಲ್ಲು. ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದನೆಯ ಹೆಸರಿನ ಕಾರ್ಖಾನೆ ಹುಟ್ಟಿದ್ದು 1884ರಲ್ಲಿ. ಮದ್ರಾಸಿನ ಬಿನ್ನಿ ಕಂಪನಿ ಅದನ್ನು ನಡೆಸತೊಡಗಿದ ಮೇಲೆ ಉದ್ದನೆಯ ಹೆಸರನ್ನು ಯಾರೂ ಉಚ್ಚರಿಸಲಿಲ್ಲ. ಬಿನ್ನಿ ಮಿಲ್ಲು, ಬಿನ್ನಿಪೇಟೆ, ಬಿನ್ನಿ ಸಿಲ್ಕು, ಅಷ್ಟೇ. ಮಿಲ್ಲು ಕೂಗಿದರೆ ಊರು ಏಳುತ್ತಿತ್ತು, ಇನ್ನೊಮ್ಮೆ ಕೂಗಿದರೆ ಅನ್ನಕ್ಕೆ ಎಸರಿಡುತ್ತಿತ್ತು. ಗಂಡಸರು ಪಾಳಿಯ ಮೇಲೆ ನೇಯುವ ಕಡೆ ಹೋದರೆ, ಹೆಂಗಸರು ಮನೆಯಲ್ಲಿ ಹೊಲಿಯುವ ಕಡೆ ಕೂತರು. ತುಂಡು ಬಟ್ಟೆಗೆ ಬರವಿರಲಿಲ್ಲ. ನಮ್ಮ ಬೀದಿಯ ಮಕ್ಕಳ ಚಡ್ಡಿಗಳೆಲ್ಲ ಒಂದೇ ಖಾಕಿಯವಾದ್ದರಿಂದ ದೂರದಿಂದ ನೋಡಿದವರಿಗೆ ಪೊಲೀಸ್ ಠಾಣೆಯೊಂದು ಗೋಲಿ ಆಡುತ್ತಿರುವಂತೆ ಕಂಡಿರಬೇಕು.

ಮಿಷನ್ ಕೊಳ್ಳುವುದು ಸಣ್ಣ ಮಾತಲ್ಲ. ಅದು ಬರುತ್ತಿದ್ದದ್ದು ತವರಿನಿಂದ, ಇಲ್ಲವೇ ಕಂತಿನ ಮೇಲೆ. ಈ ಕಂತಿನ ಉಪಾಯಕ್ಕೂ ಹೊಲಿಗೆ ಮಿಷನ್ನಿಗೂ ಹಳೇ ನಂಟಿದೆ. ಐಸಾಕ್ ಮೆರಿಟ್ ಸಿಂಗರ್ ತನ್ನ ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟು ಪಡೆದದ್ದು 1851ರಲ್ಲಿ. ಯಂತ್ರವೇನೋ ಚೆನ್ನಾಗಿತ್ತು, ಕೊಳ್ಳಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. ಆಗ ಅವನ ಪಾಲುದಾರ, ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲ, 1856ರಲ್ಲಿ ಒಂದು ದಾರಿ ಹುಡುಕಿದ. ಸ್ವಲ್ಪ ಮುಂಗಡ ಕೊಡಿ, ಮಿಷನ್ ಮನೆಗೆ ಒಯ್ಯಿರಿ, ಮಿಕ್ಕದ್ದನ್ನು ತಿಂಗಳು ತಿಂಗಳು ಕಟ್ಟಿ. ಇಂದು ಫೋನು, ಫ್ರಿಜ್ಜು, ಫ್ಲ್ಯಾಟು ಎಲ್ಲದರ ಇಎಂಐ ಕಟ್ಟಿ ತಿಂಗಳ ಐದನೇ ತಾರೀಖಿಗೇ ಜೇಬು ತಡಕುವವರು ಯಾರನ್ನು ನೆನೆಯಬೇಕು ಎಂಬುದು ಈಗ ತಿಳಿದಿರಬೇಕು.

ಸಿಂಗರನ ಹೆಸರಿಗೆ ಗಾಂಧೀಜಿಯೂ ತಳುಕು ಹಾಕಿಕೊಂಡಿದ್ದಾರೆ. ಯಂತ್ರಗಳನ್ನೆಲ್ಲ ವಿರೋಧಿಸುತ್ತೀರಾ ಎಂದು 1924ರಲ್ಲಿ ಒಬ್ಬರು ಕೇಳಿದಾಗ, ಅವರು ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದ ಎಂಬುದು ಅವರು ಕೊಟ್ಟ ಕಾರಣ. ನಿಜವಾದ ಸಿಂಗರ್ ಮಹಾಶಯ ಹೆಂಡತಿಯ ವಿಷಯದಲ್ಲಿ ಏಕವಚನ ಬಳಸಿದವನಲ್ಲ. ಬೇರೆ ಬೇರೆ ಸಂಸಾರಗಳಿಂದ ಅವನಿಗೆ ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳಿದ್ದರು. ಅಷ್ಟು ಮಕ್ಕಳಿಗೆ ಅಂಗಿ ಹೊಲಿಸಬೇಕಾದ ತಂದೆಗೆ ಯಂತ್ರ ಹೊಳೆಯದೆ ಇನ್ನೇನು ಹೊಳೆದೀತು? ಗಾಂಧೀಜಿಯವರ ಕಾರಣ ಸುಂದರವಾಗಿದೆ, ಇದು ಲೆಕ್ಕಕ್ಕೆ ಸರಿಹೋಗುತ್ತದೆ.

ನಮ್ಮ ಮನೆಯದು ಸಿಂಗರ್. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಉಷಾ ಎದುರು ಮನೆಯಲ್ಲಿತ್ತು, ಮೆರಿಟ್ ಹಿಂದಿನ ಬೀದಿಯಲ್ಲಿತ್ತು. ಯಾವುದು ಮೇಲು ಎಂಬ ವಾದ ನಲ್ಲಿಯ ಹತ್ತಿರ ನಡೆಯುತ್ತಿತ್ತು. ಅಮ್ಮನ ಪ್ರಕಾರ ಉಷಾ ಓಡುತ್ತದೆ, ಸಿಂಗರ್ ನಡೆಯುತ್ತದೆ. ಹೊಲಿಗೆಗೆ ನಡಿಗೆಯೇ ಚೆಂದ. ಎದುರು ಮನೆಯವರ ಉತ್ತರ: "ನಿಮ್ದು ನಡೀಲಿ ಬಿಡಿ ಅಕ್ಕ, ನಮ್ಗೆ ದೀಪಾವಳಿ ಒಳಗೆ ಬ್ಲೌಸ್ ಬೇಕು."

ತುಳಿಯುವುದು ನೋಡಿದಷ್ಟು ಸುಲಭವಿಲ್ಲ. ಪೆಡಲಿನಿಂದ ಒಂದು ಸರಳು ಮೇಲೆ ಹೋಗಿ ದೊಡ್ಡ ಚಕ್ರವನ್ನು ಹಿಡಿದಿರುತ್ತದೆ. ಆ ಚಕ್ರದಿಂದ ಚರ್ಮದ ಬೆಲ್ಟು ಮೇಲಿನ ಸಣ್ಣ ಚಕ್ರಕ್ಕೆ. ಸರಳು ಪೂರ್ತಿ ಮೇಲಿದ್ದಾಗಲೋ ಪೂರ್ತಿ ಕೆಳಗಿದ್ದಾಗಲೋ ನೀವು ಎಷ್ಟೇ ಒತ್ತಿದರೂ ಅದು ಅಲುಗಾಡುವುದಿಲ್ಲ. ಬಲಗೈಯಿಂದ ಮೇಲಿನ ಚಕ್ರವನ್ನು ನಮ್ಮ ಕಡೆಗೆ ಒಂದು ಸಲ ತಿರುಗಿಸಿ ಎಬ್ಬಿಸಬೇಕು. ಆಮೇಲೆ ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ತಪ್ಪಿ ಹಿಂದಕ್ಕೆ ತಿರುಗಿತೋ, ದಾರ ಒಳಗೆ ಸಿಕ್ಕು ಬಿದ್ದು ಬಟ್ಟೆಯ ಅಡಿಯಲ್ಲಿ ಗುಬ್ಬಿಗೂಡು ಕಟ್ಟುತ್ತದೆ. ಮಳೆಗಾಲದಲ್ಲಿ ಬೆಲ್ಟು ಸಡಿಲವಾಗುತ್ತದೆ. ಆಗ ಒಂದು ಚೂರು ಕತ್ತರಿಸಿ, ಮೊಳೆಯಿಂದ ತೂತು ಕೊರೆದು, ತಂತಿಯ ಕೊಂಡಿ ಹಾಕಿ ಇಕ್ಕಳದಲ್ಲಿ ಮಡಚಬೇಕು. ಮನೆಯ ಗಂಡಸರಿಗೆ ಮೀಸಲಾಗಿದ್ದ ಹೊಲಿಗೆ ಕೆಲಸ ಅದೊಂದೇ. ನಮ್ಮಪ್ಪ ಮಿಲ್ಲಿನಲ್ಲಿ ಇಡೀ ಮಗ್ಗದ ಸಾಲನ್ನು ನೋಡಿಕೊಳ್ಳುತ್ತಿದ್ದರೂ ಈ ಕೊಂಡಿ ಹಾಕಿದ ದಿನ ಎರಡು ಸಲ ಕಾಫಿ ಕೇಳುತ್ತಿದ್ದರು.

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ವಿದ್ಯುತ್ತು ಬಂದದ್ದಷ್ಟೇ ಅಲ್ಲ, ಹೋಗುವುದನ್ನೂ ಕಲಿತಿತ್ತು. ಲೋಡ್ ಶೆಡ್ಡಿಂಗಿನ ಬೇಸಿಗೆಗಳಲ್ಲಿ ಫ್ಯಾನು ನಿಂತಿತು, ಮಿಕ್ಸಿ ನಿಂತಿತು, ಟೀವಿಯಲ್ಲಿ ಭಾನುವಾರದ ಸಿನಿಮಾ ಕ್ಲೈಮ್ಯಾಕ್ಸಿಗೆ ನಿಂತಿತು. ಕಿಟಕಿಯ ಪಕ್ಕದ ಮಿಷನ್ ಮಾತ್ರ ಇದು ತನಗೆ ಸಂಬಂಧಿಸಿದ ವಿಷಯವಲ್ಲ ಎಂಬಂತೆ ನಡೆಯುತ್ತಿತ್ತು.

ಅದು ನಿಂತದ್ದು ಬೇರೆ ಕಾರಣಕ್ಕೆ. ಚಿಕ್ಕಪೇಟೆಯಲ್ಲಿ ಸಿದ್ಧ ಉಡುಪು ಅಗ್ಗವಾಯಿತು. ಮೈಸೂರು ರಸ್ತೆಯ ಕಡೆ, ಪೀಣ್ಯದ ಕಡೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳು ಬಂದು, ಬೀದಿಯ ಹೆಣ್ಣುಮಕ್ಕಳು ಬೆಳಗಾಗುವುದರೊಳಗೆ ಡಬ್ಬಿ ಕಟ್ಟಿಕೊಂಡು ಅಲ್ಲಿಗೆ ಹೊರಟರು. ಅಲ್ಲಿ ಕರೆಂಟಿನ ಮಿಷನ್ನು. ಒಬ್ಬಳು ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಪಕ್ಕದವಳು ತೋಳು ಮಾತ್ರ. ಇಬ್ಬರೂ ಇಡೀ ಶರ್ಟನ್ನು ನೋಡುವುದು ಅಂಗಡಿಯ ಗಾಜಿನೊಳಗೆ. ನಮ್ಮ ಮನೆಯಲ್ಲಿ ಅಮ್ಮನ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯಬೇಕಾಯಿತು. ಮೊಮ್ಮಗಳು ಕಾಲೇಜಿಗೆ ಹೋದ ಮೇಲೆ ದಾರ ಪೋಣಿಸುವವರೂ ಇಲ್ಲವಾಗಿ ಅದು ಪೂರ್ಣಾವಧಿ ಮೇಜಾಯಿತು. ಅಮ್ಮ ಹೋದ ಮೇಲೆ ಅದರ ಮೇಲೆ ವೈಫೈ ಡಬ್ಬಿ ಕೂತಿತು.

ಮಗಳು ಒಂದು ದಿನ ಇಂದಿರಾನಗರದ ಯಾವುದೋ ಕೆಫೆಯಿಂದ ಬಂದವಳೇ, "ಅಪ್ಪ, ಅಲ್ಲಿ ನಮ್ಮಜ್ಜಿ ಮಿಷನ್ನಿನಂಥದ್ದರ ಮೇಲೇ ಕಾಫಿ ಕೊಟ್ರು. ಮೇಲೆ ದಪ್ಪ ಹಲಗೆ, ಕೆಳಗೆ ಬರೀ ಸ್ಟ್ಯಾಂಡು. ವಿಂಟೇಜ್!" ಎಂದಳು.

"ಕಾಫಿಗೆಷ್ಟು?"

"ಇನ್ನೂರ ಎಂಬತ್ತು."

"ಅದರಲ್ಲಿ ಮೇಜಿನ ಬಾಡಿಗೆ ಎಷ್ಟು?"

"ಅಪ್ಪಾ! ಅದು ವಿಂಟೇಜ್ ಪೀಸ್."

"ಹಾಗಾದ್ರೆ ನಾನು?"

"ನೀವು ಬರೀ ಹಳೇದು," ಎಂದು ಹೇಳಿ ಒಳಗೆ ಹೋದಳು.

ಹೊರಬಂದಾಗ ಅವಳ ಕೈಯಲ್ಲಿ ಫೋನಿತ್ತು. ಮಿಷನ್ನಿನ ಹಾಸಿನ ಮೇಲೆ ಒತ್ತಿದ್ದ ನಂಬರನ್ನು ಎಣ್ಣೆಜಿಡ್ಡು ಒರೆಸಿ ಓದಿದಳು. ವೈ ಅಕ್ಷರದಿಂದ ಶುರು. ಅದರರ್ಥ ಈ ಯಂತ್ರ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಆ ಫ್ಯಾಕ್ಟರಿ ಶುರುವಾದದ್ದು 1885ರ ಹೊತ್ತಿಗೆ, ನಮ್ಮ ಮಿಲ್ಲಿಗಿಂತ ಒಂದು ವರ್ಷಕ್ಕೆ ಚಿಕ್ಕದು. ಸಾವಿರಾರು ಜನ ದುಡಿಯುತ್ತಿದ್ದ ಅದು 1980ರಲ್ಲಿ ಬಾಗಿಲು ಹಾಕಿತು. ಅದೇ ವರ್ಷದ ಜುಲೈಯಲ್ಲಿ ನಮ್ಮ ನೆರೆಯ ಮಿನರ್ವಾ ಮಿಲ್ಲಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟೂ ಬದಲಿಸುವಂತಿಲ್ಲ. ಕಾನೂನು ಓದುವ ಮಕ್ಕಳು ದೇಶದ ಮೂಲೆಮೂಲೆಯಲ್ಲೂ ಮಿನರ್ವಾ ಮಿಲ್ಸ್ ಎಂದು ಉರು ಹೊಡೆಯುತ್ತಾರೆ. ಅದು ಬೆಂಗಳೂರಿನ ಬಟ್ಟೆಯ ಮಿಲ್ಲು ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಸಂವಿಧಾನದ ಮೂಲ ಸ್ವರೂಪ ಉಳಿಯಿತು, ಮಿಲ್ಲಿನದು ಉಳಿಯಲಿಲ್ಲ. ಅಲ್ಲಿ ಈಗ ಮಾಲ್ ಇದೆ.

ಬಿನ್ನಿ ಮಿಲ್ಲಿನ ಜಾಗದಲ್ಲೂ ಮಾಲು, ಅಪಾರ್ಟ್‌ಮೆಂಟು. ತಲೆಯನ್ನು ಬಿಚ್ಚಿ, ಹೆಸರು ಬರೆದ ಕಾಲುಗಳನ್ನು ಹಾಗೇ ಇಟ್ಟುಕೊಂಡು, ಮೇಲೆ ಗ್ರಾನೈಟು ಕೂರಿಸಿದ ಮೇಜಿನ ಹಾಗೆ ಇಡೀ ಪೇಟೆಯೇ ಆಗಿದೆ ಎಂದು ನನಗೆ ಅನ್ನಿಸುವುದುಂಟು. ಬಸ್ಸಿನ ಕಂಡಕ್ಟರು ಈಗಲೂ "ಬಿನ್ನಿ ಮಿಲ್, ಬಿನ್ನಿ ಮಿಲ್" ಎಂದೇ ಕೂಗುತ್ತಾನೆ, ಇಲ್ಲದ ಮಿಲ್ಲಿಗೆ ಜನ ಇಳಿಯುತ್ತಾರೆ. ಇದು ನಮ್ಮೊಬ್ಬರ ಕಥೆಯಲ್ಲ ಎಂಬುದೊಂದು ಸಮಾಧಾನ. ಕ್ಲೈಡ್‌ಬ್ಯಾಂಕಿನಲ್ಲಿ ಫ್ಯಾಕ್ಟರಿ ಹೋಗಿ ಇಷ್ಟು ಕಾಲವಾದರೂ ರೈಲು ನಿಲ್ದಾಣದ ಹೆಸರು ಇವತ್ತಿಗೂ ಸಿಂಗರ್.

ನಮ್ಮ ಮಿಷನ್ನನ್ನೂ ಕೆಫೆಯದರಂತೆ ಮೇಜು ಮಾಡಿಸಬೇಕೆಂದು ಮಗಳು ಹಟ ಹಿಡಿದಳು. ಆ ಸುದ್ದಿ ಬೀದಿಗೆ ಹಬ್ಬಿದ ಮೇಲೆ ಮೊದಲು ಬಂದವನು ಗುಜರಿಯವನು. ಸ್ಟ್ಯಾಂಡನ್ನು ಒಮ್ಮೆ ಅಲುಗಿಸಿ, "ಬೀಡು ಸಾರ್, ಕಬ್ಬಿಣದ ರೇಟ್ ಬರಲ್ಲ," ಎಂದ. ಅವನಿಗೆ ಎಲ್ಲವೂ ಕಿಲೋ. ಅವನ ಹಿಂದೆಯೇ ಮೂರನೇ ಮನೆಯವರು ಬಂದು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಮಾರಬೇಡಿ. ಹಳೇ ಸಿಂಗರ್ ಒಳಗೆ ಕೆಂಪು ಪಾದರಸ ಇರುತ್ತಂತೆ. ಕೋಟಿ ಬಾಳುತ್ತಂತೆ."

ಈ ಪಾದರಸದ ಕಥೆ ಇವರು ಹುಟ್ಟಿಸಿದ್ದಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ಗಾಳಿಸುದ್ದಿ ಎದ್ದು, ಹಳೇ ಸಿಂಗರ್ ಮಿಷನ್ನಿನ ಬೆಲೆ ಲಕ್ಷದ ಮಾತಾಯಿತು. ಸೂಜಿಯ ಹತ್ತಿರ ಮೊಬೈಲ್ ಹಿಡಿದು, ಲೈನು ಕಟ್ಟಾದರೆ ಒಳಗೆ ಪಾದರಸ ಉಂಟು ಎಂದು ಜನ ಪರೀಕ್ಷೆ ಮಾಡಿದರು. ಅಕ್ಕಿ ಎಳೆಯುವ ರೈಸ್ ಪುಲ್ಲಿಂಗ್ ಚೆಂಬು, ಎರಡು ತಲೆಯ ಹಾವು ಎಂದೆಲ್ಲ ನಂಬಿ ದುಡ್ಡು ಕಳೆದುಕೊಂಡವರಿರುವ ನಾಡಿನ ನಾವು ನಗುವಂತಿಲ್ಲ. ಆದರೂ ನಾನು ಮೊಬೈಲ್ ಹಿಡಿದು ನೋಡಿದೆ. ಲೈನು ಕಟ್ಟಾಯಿತು. ನಮ್ಮ ನಡುಮನೆಯಲ್ಲಿ ಯಾವತ್ತೂ ಕಟ್ಟಾಗುತ್ತದೆ.

ಕೊನೆಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನ ಕಡೆಯ ಒಬ್ಬ ಆಚಾರ್ರು ಬಂದರು. ಬಂದವರು ಮೊದಲು ಅಳತೆ ಟೇಪು ತೆಗೆಯಲಿಲ್ಲ. ಮಂಡಿಯೂರಿ ಕೂತು, ಎರಡು ಕಾಲುಗಳ ನಡುವಿನ ಅಡ್ಡಪಟ್ಟಿಯ ಬೋಲ್ಟುಗಳನ್ನು ಬೆರಳಲ್ಲಿ ಅಲುಗಿಸಿದರು. "ಇದು ಸಡಿಲ ಇದ್ರೆ ಮೇಲೆ ಏನ್ ಹಾಕಿದ್ರೂ ಕುಣಿಯುತ್ತೆ ಸಾರ್." ಒಂದು ಕಾಲಿನಲ್ಲಿ ಕೂದಲಿನಂಥ ಸೀಳಿತ್ತು. ವೆಲ್ಡಿಂಗ್ ಮಾಡಿಸೋಣವೇ ಎಂದೆ. ಅವರು ನಕ್ಕರು. ಬೀಡು ಸಾಮಾನ್ಯ ವೆಲ್ಡಿಂಗಿಗೆ ಬಗ್ಗುವುದಿಲ್ಲ, ಬಿಸಿ ತಾಗಿದರೆ ಪಕ್ಕದಲ್ಲೇ ಇನ್ನೊಂದು ಸೀಳು ಬಿಡುತ್ತದೆ. ಸುತ್ತಿಗೆ ತಾಗಿದರಂತೂ ಗಾಜಿನ ಗುಣ. ಒಳಗಿನಿಂದ ಪಟ್ಟಿ ಕೊಟ್ಟು ನಟ್ಟು ಬೋಲ್ಟು ಬಿಗಿಯುವುದೇ ಸರಿ ಎಂದು ಅವರ ತೀರ್ಮಾನ.

ಮಗಳಿಗೆ ಗ್ರಾನೈಟು ಬೇಕಿತ್ತು. ಆಚಾರ್ರು ಲೆಕ್ಕ ಹೇಳಿದರು. ಮುಕ್ಕಾಲು ಇಂಚಿನ ಗ್ರಾನೈಟು ಚದರಡಿಗೆ ಸುಮಾರು ಐದು ಕಿಲೋ ತೂಗುತ್ತದೆ. ನಾಲ್ಕಡಿಗೆ ಎರಡಡಿ ಎಂದರೆ ನಲವತ್ತು ಕಿಲೋ. ಸ್ಟ್ಯಾಂಡು ಹೊರುತ್ತದೆ, ಆದರೆ ಅದರ ಉದ್ದ ಎರಡಡಿಯ ಆಜುಬಾಜು, ಅಗಲ ಇನ್ನೂ ಕಡಿಮೆ. ಹಲಗೆ ಎರಡೂ ಕಡೆ ಅಡಿ ಅಡಿ ಚಾಚಿಕೊಂಡರೆ, "ದಪ್ಪ ಆಸಾಮಿ ಯಾರಾದ್ರೂ ತುದಿಗೆ ಮೊಣಕೈ ಊರಿದ್ರೆ, ಕಾಫಿ ಎಲ್ಲ ಅವರ ಮಡಿಲಿಗೇ ಸಾರ್." ಹೀಗೆಂದಾಗ ಅವರು ನೋಡಿದ್ದು ನನ್ನ ಕಡೆ. ಮೂರಡಿಯ ಮರದ ಹಲಗೆ ಎಂದು ಇತ್ಯರ್ಥವಾಯಿತು. ಕೆಡವಿದ ಮನೆಯೊಂದರ ತೇಗದ ಬಾಗಿಲು ಹಳೇ ಮರದ ಅಂಗಡಿಯಲ್ಲಿ ಸಿಕ್ಕಿತು. ಚಿಲಕದ ತೂತನ್ನು ಮುಚ್ಚಲೇ ಎಂದು ಆಚಾರ್ರು ಕೇಳಿದರೆ ಮಗಳು ಬೇಡವೆಂದಳು, ಅದೂ ವಿಂಟೇಜು.

ತುಕ್ಕು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಸೀಮೆಎಣ್ಣೆ, ವೈರ್ ಬ್ರಷ್ಷು, ಎಮರಿ ಪೇಪರು. ಮೇಲಿನ ಹಸಿರು ಬಣ್ಣದ ಕೆಳಗೆ ಸಿಲ್ವರ್ ಬಣ್ಣ, ಅದರ ಕೆಳಗೆ ಅಪ್ಪ ಯಾವುದೋ ಹಬ್ಬಕ್ಕೆ ಬಳಿದ ಕಾವಿಯಂಥ ಪ್ರೈಮರು, ಎಲ್ಲದರ ಕೆಳಗೆ ಮೂಲದ ಕಪ್ಪು. ಬಳ್ಳಿಯ ನಕಾಸೆಯ ಸಂದುಗಳಲ್ಲಿ ಬ್ರಷ್ಷು ಹೋಗದ ಕಡೆ ಹಲ್ಲುಜ್ಜುವ ಬ್ರಷ್ಷು ಹೋಯಿತು. ಡ್ರಾಯರಿನಲ್ಲಿ ಸಿಕ್ಕಿದವು: ಬಾಬಿನ್ನುಗಳು, ಸವೆದ ಸೀಮೆಸುಣ್ಣ, ಅಂಕಿ ಅಳಿಸಿದ ಟೇಪು, ಹುಕ್ಕುಗಳ ಚೀಟಿ, ಒಂದು ಕಾಲಿನ ಕನ್ನಡಕ, ಎಣ್ಣೆ ಹೀರಿದ ಕಾಗದದಲ್ಲಿ ಸೂಜಿಗಳು, ಜೊತೆಗೆ ನನ್ನ ಹೈಸ್ಕೂಲಿನ ಒಂದು ಪ್ರೋಗ್ರೆಸ್ ಕಾರ್ಡು. ಸಮಾಜಶಾಸ್ತ್ರದ ಅಂಕವನ್ನು ಮಗಳು ಗಟ್ಟಿಯಾಗಿ ಓದಿದಳು.

ಮೇಜು ಬಂದಮೇಲೆ ಒಂದು ವಿಚಿತ್ರ ಕಂಡೆ. ಬೆಲ್ಟು ತೆಗೆದಿದ್ದರೂ ಪೆಡಲು, ಸರಳು, ಚಕ್ರ ಇದ್ದ ಹಾಗೇ ಇವೆ. ಆ ಮೇಜಿಗೆ ಯಾರೇ ಕೂರಲಿ, ಸ್ವಲ್ಪ ಹೊತ್ತಿಗೆ ಅವರ ಕಾಲು ತುಳಿಯತೊಡಗುತ್ತದೆ. ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿಗೆ ಕೂತ ಮಗಳು ಮೇಲೆ "ಯೆಸ್, ಯೆಸ್" ಎನ್ನುತ್ತಿದ್ದರೆ ಕೆಳಗೆ ಚಕ್ರ ಗಿರಗಿರ. ಬಾಸು ಯಾರು, ಎಷ್ಟು ಕೊರೆಯುತ್ತಾನೆ ಎಂಬುದನ್ನು ನಾನು ಒಳಗಿನಿಂದ ಸದ್ದು ಕೇಳಿಯೇ ಹೇಳಬಲ್ಲೆ. ಇನ್ಶೂರೆನ್ಸ್ ಪಾಲಿಸಿ ಮಾರಲು ಬಂದ ಗಂಭೀರ ಮನುಷ್ಯರೊಬ್ಬರು ಬೋನಸ್ಸಿನ ವಿವರ ಹೇಳುತ್ತ ಹೇಳುತ್ತ ಮೂರು ಬ್ಲೌಸಿಗಾಗುವಷ್ಟು ತುಳಿದರು. ಮಕ್ಕಳಿರುವ ಮನೆಯವರು ಮಾತ್ರ ಸರಳನ್ನು ಬಿಚ್ಚಿಡುವುದು ಕ್ಷೇಮ. ತಿರುಗುವ ಚಕ್ರಕ್ಕೆ ಬೆರಳಿನ ಪರಿಚಯ ಬೇಡ.

ಆಯುಧಪೂಜೆಗೆ ಪ್ರಶ್ನೆ ಎದ್ದಿತು. ಮೇಜಿಗೆ ಪೂಜೆ ಉಂಟೆ? ಹೆಂಡತಿ ಚಕ್ರಕ್ಕೆ ಕುಂಕುಮ ಇಟ್ಟಳು, ಪೆಡಲಿಗೆ ಚೆಂಡುಹೂ ಸಿಕ್ಕಿಸಿದಳು. "ಮೇಜಿಗಲ್ಲ, ಕಾಲಿಗೆ," ಎಂದಳು. ವಾದ ಅಲ್ಲಿಗೆ ಮುಗಿಯಿತು.

ತಲೆಯ ಮಾತು ಉಳಿಯಿತು. ಹಿಂಬದಿಯ ಎರಡು ಸ್ಕ್ರೂ ಸಡಿಲಿಸಿ ಎತ್ತಿದರೆ ಅದು ಕೈಗೆ ಬರುತ್ತದೆ, ಶೋಕೇಸಿನಲ್ಲಿಡಲು ಬಲು ಚೆಂದ. ಲಂಡನ್ನಿನಲ್ಲಿ ಆಲ್ ಸೇಂಟ್ಸ್ ಎಂಬ ಬಟ್ಟೆ ಅಂಗಡಿಯವರು ಇಂಥ ನೂರಾರು ಹಳೇ ತಲೆಗಳನ್ನು ಗಾಜಿನ ಹಿಂದೆ ಸಾಲಾಗಿ ಜೋಡಿಸಿದ್ದಾರೆ. ನಮ್ಮ ಆಚಾರ್ರು ಅದಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಸೂಜಿ ಇಳಿದು ಏರುವುದನ್ನು ಕಿವಿಗೊಟ್ಟು ಕೇಳಿ, "ಇದು ಸತ್ತಿಲ್ಲ ಸಾರ್. ಸತ್ತಿದ್ದಕ್ಕೆ ಶೋಕೇಸು," ಎಂದರು. ಅದಕ್ಕೀಗ ಸಣ್ಣ ಮೋಟರು ಕೂಡಿದೆ. ಕೆ.ಪಿ. ಅಗ್ರಹಾರದಲ್ಲಿ ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕುವ, ಬ್ಲೌಸ್ ಹೊಲಿಯುವ ಹೆಣ್ಣುಮಗಳೊಬ್ಬಳ ಮನೆಯಲ್ಲಿ ಇದೆ. ಈಗ ಓಡುತ್ತದೆ, ನಡೆಯುವುದಿಲ್ಲ. ಅಮ್ಮ ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ. ಎದುರು ಮನೆಯವರು ಗೆದ್ದಂತಾಯಿತಲ್ಲ.

ನಿಮ್ಮ ಮನೆಯ ಮೂಲೆಯಲ್ಲೂ ಇಂಥದ್ದೊಂದು ಇದ್ದರೆ ಮೇಜು ಮಾಡಿಕೊಳ್ಳಿ, ಖಂಡಿತ ಚೆನ್ನಾಗಿರುತ್ತದೆ. ಬೋಲ್ಟು ಬಿಗಿಸಿ, ಹಲಗೆ ಗಿಡ್ಡ ಇರಲಿ. ಆದರೆ ಬಿಚ್ಚುವ ಮೊದಲು ತಲೆಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ತಿರುಗಿಸಿ ನೋಡಿ. ಸೂಜಿ ಇಳಿದರೆ, ನಿಮ್ಮ ಬೀದಿಯಲ್ಲಿ ಹೊಲಿಗೆ ಬಲ್ಲವರು ಯಾರಿದ್ದಾರೆ ಎಂದು ಮೊದಲು ವಿಚಾರಿಸಿ. ಕಾಫಿ ಲೋಟ ಇಡಲು ಕಾಲು ಸಾಕು.